ಕಾರಣ ಬೇರೆ, ತಪ್ಪು ಬೇರೆ

(ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶದಲ್ಲಿ ನಿವೃತ್ತ ಶುಶ್ರೂಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು, "ಹೆರಿಗೆ, ಬಾಣಂತನದ ಬಗ್ಗೆ ಒಂದೆರಡು ಮಾತು ಹೇಳಿ ಸಿಸ್ಟರ್" ಎಂದರು. ಕಬ್ಬಿಣದ ಮಾತ್ರೆ, ಚುಚ್ಚುಮದ್ದು, ಮೊದಲ ಹಾಲು ಇವನ್ನೆಲ್ಲ ನಿಮ್ಮ ಊರಿನ ಆಶಾ ಕಾರ್ಯಕರ್ತೆಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬೇರೆ ಮಾತು ಹೇಳಲು ಬಂದಿದ್ದೇನೆ. 31 ವರ್ಷ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವಳು ನಾನು. ಎಷ್ಟು ಮಕ್ಕಳನ್ನು ಕೈಯಲ್ಲಿ ಹಿಡಿದೆನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಮಗುವಿನ ವಿಷಯ, ಆ ಮಗು ಹುಟ್ಟಿದ ರಾತ್ರಿ ನಾನು ಮಾಡಿದ ಒಂದು ತಪ್ಪಿನ ವಿಷಯ ಇವತ್ತು ಹೇಳುತ್ತೇನೆ.

ಅದಕ್ಕೆ ಮೊದಲು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಊರಿನಲ್ಲಿ ಮಗು ಸ್ವಲ್ಪ ಬೇರೆ ಥರ ಹುಟ್ಟಿತು ಎನ್ನಿ. ತುಟಿ ಸೀಳಿರಬಹುದು, ಬೆರಳು ಕೂಡಿರಬಹುದು, ತಲೆ ಸೊಟ್ಟಗಿರಬಹುದು. ಜನ ಮೊದಲು ಏನು ಕೇಳುತ್ತಾರೆ? "ಅವಳು ಏನು ತಿಂದಿದ್ದಳು? ಎಲ್ಲಿಗೆ ಹೋಗಿದ್ದಳು? ಗ್ರಹಣದಲ್ಲಿ ಏನು ಮಾಡಿದಳು?" ಹೌದಲ್ಲವೇ? "ಅವನು ಏನು ಮಾಡಿದ" ಎಂದು ಯಾರಾದರೂ ಕೇಳಿದ್ದನ್ನು ನೀವು ಕೇಳಿದ್ದೀರಾ? ನಾನಂತೂ 31 ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಆಗ ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. 2004ರ ಡಿಸೆಂಬರ್ ತಿಂಗಳು. ರಾತ್ರಿ ಪಾಳಿ. ಇಪ್ಪತ್ತೊಂದು ವರ್ಷದ ಹುಡುಗಿ, ಚೊಚ್ಚಲ ಹೆರಿಗೆ. ಹೆಸರು ಹೇಳುವುದಿಲ್ಲ, ತಂಗಿ ಎಂದೇ ಕರೆಯುತ್ತೇನೆ. ಅವಳ ಗಂಡನಿಗೆ ಆಗ ನಲವತ್ತೆರಡು. ಅವಳ ತಂದೆ ಕೂಲಿ ಮಾಡುವವರು, ಮೂವರು ಹೆಣ್ಣುಮಕ್ಕಳು. ವಯಸ್ಸಿನ ಹುಡುಗರ ಮನೆಯಲ್ಲಿ ಒಂದು ಲಕ್ಷ, ಐದು ತೊಲ ಕೇಳಿದ್ದರಂತೆ. ಈ ಮನೆಯಲ್ಲಿ ಮೂವತ್ತು ಸಾವಿರ, ಮೂರು ತೊಲ ಎಂದಾಗ ಒಪ್ಪಿ ಕೊಟ್ಟುಬಿಟ್ಟರು. ಮೂರು ತೊಲದಲ್ಲಿ ಒಂದು ತೊಲ ಬಾಕಿ ಇತ್ತು. ಈ ಬಾಕಿ ತೊಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಅತ್ತಿತು, ಬಣ್ಣ ಬಂತು. ಒರೆಸುವಾಗ ದೀಪದ ಬೆಳಕಿನಲ್ಲಿ ನೋಡಿದೆ. ಹಣೆ ಎತ್ತರಕ್ಕೆ ನೆಟ್ಟಗೆ ಹೋಗಿತ್ತು. ತಲೆಯ ಹಿಂಭಾಗ ತಟ್ಟೆಯ ಹಾಗೆ ಚಪ್ಪಟೆ. ಕಣ್ಣು ದೂರ ದೂರ, ಮುಂದಕ್ಕೆ ಉಬ್ಬಿದ್ದವು. ಮೂಗಿನ ಭಾಗ ಒಳಕ್ಕೆ ಕುಗ್ಗಿತ್ತು. ಬೆರಳು ಎಣಿಸೋಣ ಎಂದು ಮುಷ್ಟಿ ಬಿಡಿಸಲು ಹೋದರೆ ಬಿಡಿಸಲು ಬರಲಿಲ್ಲ. ಎರಡೂ ಕೈಯಲ್ಲಿ ಬೆರಳುಗಳು ಒಂದಕ್ಕೊಂದು ಕೂಡಿ ಬಾಳೆಮೋತೆಯ ಹಾಗಿದ್ದವು. ಕಾಲ್ಬೆರಳೂ ಹಾಗೆಯೇ, ಚರ್ಮದ ಕಾಲುಚೀಲ ಹಾಕಿದ ಹಾಗೆ.

ನನಗೆ ಗಾಬರಿಯಾಯಿತು. ತಂಗಿ, "ಏನು ಮಗು ಸಿಸ್ಟ್ರೇ? ಚೆನ್ನಾಗಿದೆಯಾ?" ಎಂದು ಕೇಳಿದಳು. "ಹೆಣ್ಣು ಮಗು, ಚೆನ್ನಾಗಿದೆ, ನೀನು ಮಲಗು" ಎಂದೆ. ಮಗುವನ್ನು ಅವಳಿಗೆ ತೋರಿಸಲಿಲ್ಲ. ಬಟ್ಟೆ ಸುತ್ತಿ ಹೊರಗೆ ಒಯ್ದು ಅತ್ತೆಯ ಮುಂದೆ ಮುಖದ ಬಟ್ಟೆ ತೆಗೆದೆ. ಆ ಅಮ್ಮ ಮಾತಾಡಲಿಲ್ಲ, ಸುಮ್ಮನೆ ನೋಡುತ್ತಾ ನಿಂತರು. ಆ ಮೌನ ತಡೆಯಲಾರದೆ ನಾನೇ ಕೇಳಿದೆ: "ಈ ಸಲ ಗ್ರಹಣದಲ್ಲಿ ಸೊಸೆ ಹೊರಗೆ ಬಂದಿದ್ದಳಾ ಅಮ್ಮ?"

ಕೇಳಿದಿರಾ? ಆ ಮಾತು ಮೊದಲು ಬಂದದ್ದು ಅತ್ತೆಯ ಬಾಯಿಂದಲ್ಲ. ಬಿಳಿ ಸಮವಸ್ತ್ರ ತೊಟ್ಟು, ಮೂರೂವರೆ ವರ್ಷ ನರ್ಸಿಂಗ್ ಓದಿದ ನನ್ನ ಬಾಯಿಂದ. ನಾನೂ ಅದೇ ಮನೆಗಳಲ್ಲಿ ಬೆಳೆದವಳು, ಅದೇ ಮಾತು ಕೇಳಿ ದೊಡ್ಡವಳಾದವಳು. ಗಾಬರಿಯಾದಾಗ ಓದಿದ್ದು ಬಾಯಿಗೆ ಬರಲಿಲ್ಲ, ಕೇಳಿದ್ದು ಬಂತು.

ಅತ್ತೆ ತಕ್ಷಣ ಹಿಡಿದುಕೊಂಡರು. ಆ ವರ್ಷ ಮೇ 4ರ ರಾತ್ರಿ ಪೂರ್ಣ ಚಂದ್ರಗ್ರಹಣವಾಗಿತ್ತು. ಸೊಸೆಗೆ ಆಗ ಹೊಸ ಬಸಿರು. ನಡುರಾತ್ರಿ ಬಾಯಾರಿ ಎದ್ದು ಹಿತ್ತಿಲ ಬಾಗಿಲ ಹತ್ತಿರ ಕೊಡದಿಂದ ನೀರು ಕುಡಿದಿದ್ದಳಂತೆ. "ಅವತ್ತೇ ಬೇಡ ಬೇಡ ಅಂದೆ. ನಮ್ಮ ವಂಶದಲ್ಲಿ ಇಂಥದ್ದು ಹುಟ್ಟಿಲ್ಲ" ಎಂದರು. ಬೆಳಗಾಗುವುದರೊಳಗೆ ವಾರ್ಡಿನ ಎಲ್ಲ ಹಾಸಿಗೆಗೂ ಸುದ್ದಿ ಮುಟ್ಟಿತ್ತು. ತಂಗಿ ಮಗುವಿನ ಮುಖ ನೋಡಿದ್ದು ಹೆರಿಗೆಯಾಗಿ ಹನ್ನೊಂದು ಗಂಟೆಯ ಮೇಲೆ. ಮಗು ನೋಡುವ ಮೊದಲೇ ಅವಳ ಮೇಲೆ ತೀರ್ಪು ಬಂದಾಗಿತ್ತು.

ಮರುದಿನ ಜಿಲ್ಲಾಸ್ಪತ್ರೆಗೆ ಕಳಿಸಿದರು, ಜೊತೆಗೆ ನನ್ನನ್ನೂ. ಅಲ್ಲಿನ ಮಕ್ಕಳ ಡಾಕ್ಟ್ರಮ್ಮ ಪರೀಕ್ಷೆ ಮಾಡಿದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಅವರು ತಂಗಿಯನ್ನು ಕೂರಿಸಿ, ಮಗುವನ್ನು ಅವಳ ಮಡಿಲಿಗೆ ಹಾಕಿದರು. "ನಾನು ನೋಡುವುದನ್ನೆಲ್ಲ ನೀನೂ ನೋಡು" ಎಂದರು.

ಮಗು ಉಸಿರಾಡುವ ಸದ್ದು ಕೇಳಿದರು. ತೆಳ್ಳನೆಯ ನಳಿಗೆಯೊಂದನ್ನು ಒಂದೊಂದೇ ಮೂಗಿನ ಹೊಳ್ಳೆಯಲ್ಲಿ ಇಳಿಸಿ ದಾರಿ ತೆರೆದಿದೆಯೋ ಮುಚ್ಚಿದೆಯೋ ನೋಡಿದರು. ಇಕ್ಕಟ್ಟಾಗಿತ್ತು, ಆದರೆ ಮುಚ್ಚಿರಲಿಲ್ಲ. ಟಾರ್ಚ್ ಹಿಡಿದು ಅಂಗುಳ ನೋಡಿದರು. ಅದು ಕಿರಿದಾಗಿ ಮೇಲಕ್ಕೆ ಕಮಾನಿನಂತಿತ್ತು. ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ ಎಂದು ನೋಡಿದರು. ಮುಚ್ಚುತ್ತಿರಲಿಲ್ಲ, ಕಣ್ಣು ಒಣಗದಂತೆ ಮುಲಾಮು ಬರೆದರು. ಆಮೇಲೆ ಬೆರಳ ತುದಿಯಿಂದ ತಲೆಯನ್ನೆಲ್ಲ ಸವರಿದರು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ನೆತ್ತಿಯ ಮೇಲೆ ಹಾಯುವ ಗೆರೆಯಲ್ಲಿ ಮೂಳೆ ಏಣಿನಂತೆ ಎದ್ದಿತ್ತು. ತಂಗಿಯ ಕೈ ಹಿಡಿದು ಅದನ್ನು ಮುಟ್ಟಿಸಿದರು. ಕೊನೆಗೆ ಕೈ, ಕಾಲು. ಆಮೇಲೆ ಗಂಡನನ್ನೂ ಕರೆಸಿ ಇಬ್ಬರ ತಲೆ, ಮುಖ, ಕೈಕಾಲು ನೋಡಿದರು. ಇಬ್ಬರಲ್ಲೂ ಏನೂ ಇರಲಿಲ್ಲ.

"ನನಗೆ ಒಂದು ಹೆಸರು ಹೊಳೆಯುತ್ತಿದೆ. ಆದರೆ ಇಂಥ ಮಗುವನ್ನು ನಾನು ಪುಸ್ತಕದಲ್ಲಿ ನೋಡಿದ್ದೇ ಹೊರತು ಕಣ್ಣಾರೆ ನೋಡಿಲ್ಲ. ಮೂರು ದಿನ ಕೊಡಿ, ಬೆಂಗಳೂರಿನ ನಮ್ಮ ಗುರುಗಳನ್ನು ಕೇಳಿ ಹೇಳುತ್ತೇನೆ" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ಕಂಡದ್ದು ಅಪರೂಪ.

ನಾಲ್ಕನೆಯ ದಿನ ಎಕ್ಸ್‌ರೇ ಇಟ್ಟುಕೊಂಡು ಕೂತರು. ಅತ್ತೆಯೂ ಇದ್ದರು. ಡಾಕ್ಟ್ರಮ್ಮ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ನಿಮ್ಮಲ್ಲಿ ಹೊಲಿಗೆ ಕಲಿತವರು ಇದ್ದೀರಿ. ಬೆಳೆಯುವ ಹುಡುಗಿಗೆ ಲಂಗ ಹೊಲಿಯುವಾಗ ಒಳಗೆ ಮಡಿಕೆ ಬಿಟ್ಟು ಹೊಲಿಯುತ್ತೀರಿ. ಬೆಳೆದ ಹಾಗೆ ಬಿಚ್ಚುತ್ತೀರಿ. ಎಳೆಮಗುವಿನ ತಲೆಬುರುಡೆಯೂ ಹಾಗೆಯೇ. ಅದು ಒಂದೇ ಮೂಳೆಯಲ್ಲ, ಹಲವು ತುಂಡು. ತುಂಡುಗಳ ನಡುವೆ ಸಂದು ಇರುತ್ತದೆ. ನಾವು ಹರಳೆಣ್ಣೆ ಇಡುವ ನೆತ್ತಿ ಮಿಡಿಯುವುದು ಅದಕ್ಕೇ. ಮೊದಲ ವರ್ಷದಲ್ಲಿ ಮಿದುಳು ಸುಮಾರು ಎರಡು ಪಟ್ಟು ಬೆಳೆಯುತ್ತದೆ, ಅದಕ್ಕೆ ಈ ಸಂದುಗಳು ಜಾಗ ಕೊಡುತ್ತವೆ. ಈ ಮಗುವಿನಲ್ಲಿ ಹಣೆಯ ಹಿಂದಿನ ಸಂದು ಗರ್ಭದಲ್ಲೇ ಬೆಸೆದುಕೊಂಡಿತ್ತು. ಆ ಕಡೆ ಬೆಳೆಯಲು ಜಾಗವಿಲ್ಲದೆ ತಲೆ ಮೇಲಕ್ಕೆ ಬೆಳೆದಿತ್ತು. ಮುಖದ ನಡುಭಾಗದ ಮೂಳೆಯೂ ಮುಂದಕ್ಕೆ ಬೆಳೆದಿರಲಿಲ್ಲ, ಅದರಿಂದ ಕಣ್ಣು ಉಬ್ಬಿ ಮೂಗು ಇಕ್ಕಟ್ಟಾಗಿತ್ತು.

ಬರೀ ತಲೆ ಹೀಗಿದ್ದರೆ ಬೇರೆ ಹೆಸರಿನ ಕಾಯಿಲೆಗಳಿವೆ. ಕ್ರೂಜಾನ್ ಎಂಬುದರಲ್ಲಿ ಬೆರಳು ಬಿಡಿಬಿಡಿಯಾಗಿ ಸರಿ ಇರುತ್ತವೆ. ಫೈಫರ್ ಎಂಬುದರಲ್ಲಿ ಹೆಬ್ಬೆರಳು ಅಗಲವಾಗಿರುತ್ತದೆ. ತಲೆ ಹೀಗಿದ್ದು, ಎರಡೂ ಕೈ ಎರಡೂ ಕಾಲಿನ ಬೆರಳುಗಳು ಒಂದೇ ರೀತಿ ಕೂಡಿದ್ದರೆ ಅದು ಅಪರ್ಟ್ ಸಿಂಡ್ರೋಮ್. 1906ರಲ್ಲಿ ಯೂಜೀನ್ ಅಪರ್ಟ್ ಎಂಬ ಫ್ರಾನ್ಸಿನ ವೈದ್ಯ ಇದನ್ನು ವಿವರಿಸಿದ್ದರಿಂದ ಆ ಹೆಸರು. ಸುಮಾರು 65 ಸಾವಿರದಿಂದ 80 ಸಾವಿರ ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ.

ಆಗ ಅತ್ತೆ ಕೇಳಿದರು: "ಅದೆಲ್ಲ ಇರಲಿ ಡಾಕ್ಟ್ರೇ. ಇದು ಯಾರ ಕಡೆಯಿಂದ ಬಂದದ್ದು?"

ಡಾಕ್ಟ್ರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಗಿಯ ಕಡೆ ತಿರುಗಿ ಹೇಳಿದರು. ಇದನ್ನೂ ನಿಮಗೆ ನಿಮ್ಮ ಸಂಘದ ಲೆಕ್ಕದ ಪುಸ್ತಕದ ಉದಾಹರಣೆಯಿಂದಲೇ ಹೇಳುತ್ತೇನೆ.

ನಮ್ಮ ದೇಹ ಕಟ್ಟುವ ವಿವರವೆಲ್ಲ ಒಂದು ಪುಸ್ತಕದಂತೆ ಪ್ರತಿ ಜೀವಕೋಶದಲ್ಲೂ ಬರೆದಿರುತ್ತದೆ. ಅದರ ಒಂದೊಂದು ಅಧ್ಯಾಯಕ್ಕೆ ವಂಶವಾಹಿ ಅಥವಾ ಜೀನ್ ಎನ್ನುತ್ತಾರೆ. ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ಲೆಕ್ಕ ಬರೆಯುವಾಗ ಎಷ್ಟೇ ಪ್ರಾಮಾಣಿಕಳಾದ ಕಾರ್ಯದರ್ಶಿಯಿಂದಲೂ ಎಲ್ಲೋ ಒಂದು ಅಂಕಿ ತಪ್ಪುತ್ತದೆ. ಅವಳು ಕಳ್ಳಿಯೇ? ಅಲ್ಲ. ಹಾಗೆಯೇ ಮೂಳೆಗೆ "ಈಗ ಬೆಸೆದುಕೋ, ಈಗ ಬೇಡ" ಎಂದು ಹೇಳುವ ಒಂದು ಜೀನ್ ಇದೆ. ಎಫ್‌ಜಿಎಫ್‌ಆರ್2 ಎಂದು ಅದರ ಹೆಸರು. 1995ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಆಂಡ್ರ್ಯೂ ವಿಲ್ಕಿ ಮತ್ತು ಸಂಗಡಿಗರು ಅಪರ್ಟ್ ಮಕ್ಕಳಲ್ಲಿ ಈ ಜೀನಿನಲ್ಲಿ ಬದಲಾವಣೆ ಇರುವುದನ್ನು ಕಂಡುಹಿಡಿದರು. ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಅಕ್ಕಪಕ್ಕದ ಎರಡು ಜಾಗಗಳಲ್ಲಿ ಒಂದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಷ್ಟೇ.

1996ರಲ್ಲಿ ಅದೇ ತಂಡ ಇನ್ನೊಂದು ಪ್ರಶ್ನೆ ಕೇಳಿತು. ತಂದೆತಾಯಿ ಇಬ್ಬರೂ ಸರಿಯಿದ್ದು ಮಗುವಿಗೆ ಹೀಗಾದಾಗ, ಬದಲಾದ ಅಕ್ಷರ ತಾಯಿಯ ಪ್ರತಿಯಲ್ಲಿದೆಯೋ ತಂದೆಯ ಪ್ರತಿಯಲ್ಲಿದೆಯೋ? 57 ಮಕ್ಕಳಲ್ಲಿ ನೋಡಿದರು. 57ಕ್ಕೆ 57ರಲ್ಲೂ ತಂದೆಯಿಂದ ಬಂದ ಪ್ರತಿಯಲ್ಲೇ ಇತ್ತು.

ಯಾಕೆ ಹೀಗೆ? ನಾಚಿಕೊಳ್ಳಬೇಡಿ, ಇದು ನಮ್ಮ ಒಡಲಿನ ವಿಷಯ, ತಿಳಿದುಕೊಳ್ಳಬೇಕು. ಹೆಣ್ಣಿನ ಅಂಡಾಣುಗಳೆಲ್ಲ ಅವಳು ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ಮೂಡಿ ಕಾದು ಕೂತಿರುತ್ತವೆ. ಗಂಡಿನ ವೀರ್ಯಾಣು ಹಾಗಲ್ಲ. ಮೀಸೆ ಮೂಡುವ ಕಾಲದಿಂದ ಜೀವನಪೂರ್ತಿ ಹೊಸದಾಗಿ ತಯಾರಾಗುತ್ತಲೇ ಇರುತ್ತದೆ. ಅದರ ಮೂಲಕೋಶಗಳು ವರ್ಷಕ್ಕೆ ಸುಮಾರು 23 ಬಾರಿ ನಕಲಾಗುತ್ತವೆ. ನಕಲು ಹೆಚ್ಚಾದಷ್ಟೂ ಅಕ್ಷರ ತಪ್ಪುವ ಸಂದರ್ಭ ಹೆಚ್ಚು. ಜೊತೆಗೆ ಈ ಬದಲಾವಣೆ ಇರುವ ಕೋಶಗಳು ಬೇರೆಯವುಗಳಿಗಿಂತ ಹೆಚ್ಚಾಗಿ ವೃದ್ಧಿಯಾಗುತ್ತವೆ ಎಂದೂ ಮುಂದೆ ತಿಳಿದುಬಂತು. ಆದ್ದರಿಂದ ತಂದೆಯ ವಯಸ್ಸು ಏರಿದ ಹಾಗೆ ಈ ಸಾಧ್ಯತೆ ಸ್ವಲ್ಪ ಏರುತ್ತದೆ. ತರುಣ ತಂದೆಯರಿಗೂ ಇಂಥ ಮಗು ಹುಟ್ಟಬಹುದು, ವಯಸ್ಸಾದ ಬಹುತೇಕ ತಂದೆಯರ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೂ ಒಂದು ಮಾತು ನನ್ನ ಮನಸ್ಸಿಗೆ ಬಾರದೆ ಇರಲಿಲ್ಲ. ವರದಕ್ಷಿಣೆ ಕಡಿಮೆ ಎಂದು ಇಪ್ಪತ್ತರ ಹುಡುಗಿಯನ್ನು ನಲವತ್ತು ದಾಟಿದವನಿಗೆ ಕೊಟ್ಟ ಲೆಕ್ಕದಲ್ಲಿ, ಈ ಅಪಾಯವನ್ನು ಯಾರೂ ಬರೆದಿರಲಿಲ್ಲ. ಬರೆದದ್ದು ಬಾಕಿ ಒಂದು ತೊಲವನ್ನು ಮಾತ್ರ.

ಇನ್ನು ಗ್ರಹಣ. ಅಕ್ಷರ ಬದಲಾದದ್ದು ಅವಳು ಗರ್ಭಿಣಿಯಾಗುವ ಮೊದಲೇ, ವೀರ್ಯಾಣುವಿನಲ್ಲಿ. ಚಂದ್ರನಿಗೆ ಗ್ರಹಣ ಹಿಡಿದದ್ದು ಆಮೇಲೆ. ಅವಳು ನೀರು ಕುಡಿದದ್ದು ಅದಕ್ಕೂ ಆಮೇಲೆ. ಅಲ್ಲದೆ ಆ ರಾತ್ರಿ ಈ ದೇಶದ ಬಸುರಿಯರೆಲ್ಲ ಅದೇ ಚಂದ್ರನ ಕೆಳಗೆ ಇದ್ದರಲ್ಲ, ಬಾಯಾರಿದವರೆಲ್ಲ ನೀರು ಕುಡಿದಿದ್ದರಲ್ಲ!

ಇದನ್ನೆಲ್ಲ ಹೇಳಿದ ಮೇಲೆ ಅತ್ತೆ ಸೊಸೆಯನ್ನು ತಬ್ಬಿಕೊಂಡರು ಎಂದು ನೀವು ಎಣಿಸಿದ್ದರೆ, ಹಾಗಾಗಲಿಲ್ಲ. "ಹೆಣ್ಣಿನ ಕಡೆಯವರು ಡಾಕ್ಟರಿಗೆ ದುಡ್ಡು ಕೊಟ್ಟಿದ್ದಾರೆ" ಎಂದು ಎದ್ದು ಹೋದರು. ಗಂಡ ನೆಲ ನೋಡುತ್ತಾ ಕೂತಿದ್ದ. ಡಾಕ್ಟ್ರಮ್ಮ ಅವನಿಗೆ ಹೇಳಿದ ಮಾತನ್ನು ನಾನು ಮರೆತಿಲ್ಲ. "ನಿನ್ನಿಂದ ಬಂತು ಎಂದೆ, ನೀನು ತಪ್ಪು ಮಾಡಿದೆ ಎನ್ನಲಿಲ್ಲ. ಕಾರಣ ಬೇರೆ, ತಪ್ಪು ಬೇರೆ. ಇನ್ನು ಮುಂದೆ ಈ ಮಗುವನ್ನು ಹೇಗೆ ನೋಡಿಕೊಳ್ಳುತ್ತೀಯೋ ಅದರಲ್ಲಿ ಮಾತ್ರ ನಿನ್ನ ಸರಿತಪ್ಪು ಇದೆ."

ಆಮೇಲೆ ಅವರು ಒಂದು ಕಾಗದ ಬರೆದರು. ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಮಗುವಿನ ಕಾಯಿಲೆಯ ಹೆಸರು. ಇದು ಅಂಟುವುದಲ್ಲ. ಗರ್ಭಿಣಿ ತಿಂದದ್ದರಿಂದ, ಕುಡಿದದ್ದರಿಂದ, ಮಾಡಿದ ಕೆಲಸದಿಂದ ಆದದ್ದಲ್ಲ. ತಂದೆತಾಯಿ ಇಬ್ಬರಲ್ಲೂ ಕಾಯಿಲೆ ಇಲ್ಲದಿರುವುದರಿಂದ ಮುಂದಿನ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದು ವರ್ಷದೊಳಗೆ ತಲೆಯ ಆಪರೇಶನ್ ಆಗಬೇಕು. ಕೆಳಗೆ ಸಹಿ, ಸೀಲು. "ಇದನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಡು" ಎಂದು ತಂಗಿಯ ಕೈಗೆ ಕೊಟ್ಟರು.

ಆ ಮನೆಗೆ ಹೋದ ಮೇಲೆ ನಡೆದದ್ದನ್ನು ಮುಂದೆ ತಂಗಿಯೇ ನನಗೆ ಹೇಳಿದಳು. ಮೂಗು ಇಕ್ಕಟ್ಟಾದ ಮಗುವಿಗೆ ಮೊಲೆ ಚೀಪುವುದೂ ಉಸಿರಾಡುವುದೂ ಒಟ್ಟಿಗೆ ಆಗುತ್ತಿರಲಿಲ್ಲ. ಎರಡು ಗುಟುಕಿಗೆ ಬಿಟ್ಟು ಅಳುತ್ತಿತ್ತು. "ತಾಯಿ ಹಾಲೇ ಮಗುವಿಗೆ ಆಗುತ್ತಿಲ್ಲ, ಇವಳ ಹಾಲೇ ವಿಷ" ಎಂದರಂತೆ. ನಾಮಕರಣ ಮಾಡಲಿಲ್ಲ. ಬಾಣಂತಿಗೆ ಊಟ ಹೊತ್ತಿಗೆ ಸರಿಯಾಗಿ ಇಲ್ಲ. ಎರಡನೆಯ ತಿಂಗಳಲ್ಲಿ ಬಾಕಿ ತೊಲದ ಮಾತು ಬಂತು. ಒಂದು ತೊಲವಲ್ಲ, ಆಪರೇಶನ್ನಿಗೆ ಎಂದು ಒಂದು ಲಕ್ಷ ತವರಿನಿಂದ ತರಬೇಕು, ಇಲ್ಲದಿದ್ದರೆ ಮಗನಿಗೆ ಬೇರೆ ಮದುವೆ ಮಾಡುತ್ತೇವೆ. ಒಂದು ರಾತ್ರಿ ಗಂಡ ಕೈ ಮಾಡಿದ. ಮಗು ಎತ್ತಿಕೊಂಡು ತವರಿಗೆ ಬಂದಳು.

ನೋಡಿ, ವರದಕ್ಷಿಣೆಯ ಹಿಂಸೆ ಮದುವೆಯ ದಿನ ಮುಗಿಯುವುದಿಲ್ಲ, ಅದಕ್ಕೆ ಹೊಸ ಹೊಸ ನೆಪ ಸಿಗುತ್ತಲೇ ಇರುತ್ತದೆ. ಇಲ್ಲಿ ಒಂದು ಎಳೆಮಗುವಿನ ಮುಖವೇ ನೆಪವಾಯಿತು. ಆ ನೆಪಕ್ಕೆ ಮೊದಲ ಮಾತು ಒದಗಿಸಿದವಳು ನಾನು.

ತವರೂರಿನಲ್ಲಿ ಅವಳ ತಾಯಿ ಒಂದು ಸ್ತ್ರೀಶಕ್ತಿ ಸಂಘದ ಸದಸ್ಯೆ. ಹದಿನೈದು ಹೆಂಗಸರ ಸಣ್ಣ ಸಂಘ, ಆಗ ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಒಬ್ಬಳು ಓದಲು ಬರುವವಳು ಡಾಕ್ಟ್ರಮ್ಮನ ಕಾಗದವನ್ನು ಸಭೆಯಲ್ಲಿ ಜೋರಾಗಿ ಎರಡು ಸಲ ಓದಿದಳು. ಅಲ್ಲಿಂದ ಆ ಊರಿನಲ್ಲಿ ಗ್ರಹಣದ ಮಾತು ನಿಂತಿತು. ಸಂಘದಿಂದ ಎಂಟು ಸಾವಿರ ಸಾಲ ಕೊಟ್ಟರು. ಆರು ಹೆಂಗಸರು ಅದೇ ಕಾಗದ ಹಿಡಿದು ಗಂಡನ ಮನೆಯ ಜಗಲಿಯಲ್ಲಿ ಕೂತರು. ಜಗಳವಾಡಲಿಲ್ಲ. ಊರಿನವರ ಮುಂದೆ ಕಾಗದ ಓದಿದರು, ಮೂರನೆಯ ಸಲ. ಹೊಡೆದದ್ದಕ್ಕೆ, ದುಡ್ಡು ಕೇಳಿದ್ದಕ್ಕೆ 498ಎ ಇದೆ ಎಂಬುದನ್ನೂ ಹೇಳಿದರು. ಗಂಡ ಆಪರೇಶನ್ನಿಗೆ ಸಹಿ ಹಾಕಲು ಬಂದ, ರಕ್ತ ಕೊಟ್ಟ. ಬೇರೆ ಮದುವೆಯ ಮಾತು ನಿಂತಿತು. ತಂಗಿ ಆ ಮನೆಗೆ ಮತ್ತೆ ಹೋಗಲಿಲ್ಲ. ಅವನು ಕೆಲವು ವರ್ಷ ದುಡ್ಡು ಕಳಿಸಿದ, ಕೆಲವು ವರ್ಷ ಇಲ್ಲ. ಅತ್ತೆ ಕೊನೆಯವರೆಗೂ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಮಗುವಿಗೆ ಹನ್ನೊಂದನೆಯ ತಿಂಗಳಲ್ಲಿ ತಲೆಯ ಆಪರೇಶನ್ ಆಯಿತು. ಬೆಸೆದ ಮೂಳೆ ಬಿಡಿಸಿ ಮಿದುಳಿಗೆ ಜಾಗ ಮಾಡಿದರು. ಆಮೇಲೆ ಬೆರಳು ಬಿಡಿಸುವುದು, ಒಂದೇ ಸಲಕ್ಕಲ್ಲ, ಹಲವು ಸಲ. ಮೊದಲು ಹೆಬ್ಬೆರಳು ಬಿಡಿಸಿದರು, ಹೆಬ್ಬೆರಳು ಬಂದರೆ ಹಿಡಿತ ಬರುತ್ತದೆ. ಕಿವಿಯಲ್ಲಿ ನೀರು ತುಂಬಿ ಕೇಳಿಸುವುದು ಕಡಿಮೆಯಾಗಿತ್ತು, ಅದಕ್ಕೂ ಔಷಧಿ ಆಯಿತು. ದೊಡ್ಡವಳಾದ ಮೇಲೆ ಮುಖದ ನಡುಭಾಗ ಮುಂದಕ್ಕೆ ತರುವ ಆಪರೇಶನ್. 2016ರಲ್ಲಿ ರಕ್ತ ಪರೀಕ್ಷೆಯಲ್ಲಿ ಆ ಜೀನಿನ ಬದಲಾವಣೆಯೂ ಖಚಿತವಾಯಿತು. ಈ ಕಾಯಿಲೆಯ ಕೆಲವು ಮಕ್ಕಳಿಗೆ ಕಲಿಕೆ ನಿಧಾನ, ಕೆಲವರಿಗೆ ಎಲ್ಲರಂತೆಯೇ. ಇವಳು ನಿಧಾನವಾಗಿ ಓದಿದಳು, ಆದರೆ ಬಿಡಲಿಲ್ಲ. ಪಿಯುಸಿ ಮುಗಿಸಿದಳು. ಈಗ ಇಪ್ಪತ್ತು ದಾಟಿದೆ. ಅಮ್ಮನ ಸಂಘದ ಲೆಕ್ಕ ಬರೆಯುವವಳು ಅವಳೇ.

ಅವಳು ಹೋದ ವರ್ಷ ನನ್ನ ಮನೆ ಹುಡುಕಿಕೊಂಡು ಬಂದಳು. "ಸಿಸ್ಟರಮ್ಮ, ನನ್ನನ್ನು ಮೊದಲು ಎತ್ತಿಕೊಂಡವರು ನೀವಂತೆ" ಎಂದಳು. ನನಗೆ ತಡೆಯಲಾಗಲಿಲ್ಲ. ಆ ರಾತ್ರಿ ನಾನು ಆಡಿದ ಮಾತನ್ನೆಲ್ಲ ಹೇಳಿಬಿಟ್ಟೆ. ಅವಳು ಕೇಳಿ, "ನನಗೆ ಹೇಳಿ ಏನು? ಅಮ್ಮನಿಗೆ ಹೇಳಿ" ಎಂದಳು. ಹೋದೆ. ತಂಗಿಯ ಮುಂದೆ ಕೂತು, ಗ್ರಹಣದ ಮಾತು ಮೊದಲು ಎತ್ತಿದವಳು ನಾನು ಎಂದೆ. ಅವಳು ಎಲೆ ಅಡಿಕೆ ತಟ್ಟೆ ನನ್ನ ಮುಂದೆ ಸರಿಸುತ್ತಾ, "ಗೊತ್ತು ಸಿಸ್ಟ್ರೇ. ಆ ಬಾಗಿಲಿಗೆ ಪರದೆ ಮಾತ್ರ ಇತ್ತು. ನಾನು ಕೇಳಿಸಿಕೊಂಡಿದ್ದೆ" ಎಂದಳು. ಇಪ್ಪತ್ತು ವರ್ಷ ಅದನ್ನು ಇಟ್ಟುಕೊಂಡಿದ್ದಳು. "ನನಗೆ ಹೇಳಿದ್ದನ್ನು ಬೇರೆ ಹೆಂಗಸರಿಗೂ ಹೇಳಿ" ಎಂದಳು. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಇನ್ನು ನಾವು ಮಾಡಬೇಕಾದ್ದು. ನಿಮ್ಮ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದು, ಮಗು ಹೇಗೇ ಹುಟ್ಟಿರಲಿ, ಮೊದಲು ತಾಯಿಗೆ ತೋರಿಸಬೇಕು. ಹೆರಿಗೆಗೆ ಜೊತೆ ಹೋಗುವವರು ನೀವೇ. ಸಿಸ್ಟರ್ ತೋರಿಸದಿದ್ದರೆ ಕೇಳಿ ತೋರಿಸಿರಿ.

ಎರಡು, ಯಾಕೆ ಹೀಗಾಯಿತು ಎಂಬ ಮಾತನ್ನು ಡಾಕ್ಟರು ಪರೀಕ್ಷೆ ಮಾಡುವವರೆಗೆ ಯಾರೂ ಎತ್ತಬಾರದು. ನಾವೂ ಎತ್ತಬಾರದು, ಎತ್ತುವವರ ಬಾಯಿಗೂ ಅಡ್ಡ ನಿಲ್ಲಬೇಕು.

ಮೂರು, ಉಸಿರು ಮತ್ತು ಹಾಲು. ತುಟಿ ನೀಲಿಯಾದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಕುಡಿಯುವಾಗ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ಚೀಪಲಾಗದ ಮಗುವಿಗೆ ತಾಯಿಯ ಹಾಲನ್ನೇ ಹಿಂಡಿ, ಸಿಸ್ಟರ್ ಹೇಳಿಕೊಟ್ಟಂತೆ, ತಲೆ ಎತ್ತರಿಸಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬಹುದು. ನಮ್ಮ ಅಜ್ಜಿಯರ ಒಳಲೆ ಈಗಲೂ ಕೆಲಸಕ್ಕೆ ಬರುತ್ತದೆ.

ನಾಲ್ಕು, ತಡಮಾಡಬೇಡಿ. ತಲೆಯ ಮೂಳೆ ಬೇಗ ಬೆಸೆದ ಮಕ್ಕಳಿಗೆ ಮೊದಲ ವರ್ಷ ಬಹಳ ಮುಖ್ಯ. ನೆತ್ತಿಯ ಹತ್ತಿರ ಏಣು ಕಂಡರೆ, ತಲೆ ವಿಚಿತ್ರವಾಗಿ ಬೆಳೆಯುತ್ತಿದ್ದರೆ, "ಎಣ್ಣೆ ಹಚ್ಚಿ ತಿಕ್ಕಿದರೆ ಸರಿಹೋಗುತ್ತದೆ" ಎಂದು ಕಾಯಬೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ ಮುಂದಿನ ಆಸ್ಪತ್ರೆಗೆ ಕಳಿಸುವುದು ಅದರ ಕೆಲಸ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಮಂಗಳೂರಿನ ದೇರಳಕಟ್ಟೆಯಲ್ಲಿ ತಲೆ ಮತ್ತು ಮುಖದ ಶಸ್ತ್ರಚಿಕಿತ್ಸೆಗೆಂದೇ ನಿಟ್ಟೆ ಮೀನಾಕ್ಷಿ ಸಂಸ್ಥೆ ಇದೆ. ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಜೊತೆಗಿಟ್ಟುಕೊಂಡು ಹೋಗಿ, ಯಾವುದಕ್ಕೆ ನೆರವು ಸಿಗುತ್ತದೆ ಎಂದು ಕೇಳಿ.

ಐದು, ಕಾಯಿಲೆಯ ಹೆಸರನ್ನು ಬರೆಸಿಕೊಳ್ಳಿ, ಕನ್ನಡದಲ್ಲಿ. ಮುಂದಿನ ಮಗುವಿನ ವಿಷಯ ಕೇಳಿ ಅದನ್ನೂ ಬರೆಸಿಕೊಳ್ಳಿ. ಇದು ನಮ್ಮ ಹಕ್ಕು. ಹೆಸರಿಲ್ಲದ ಕಾಯಿಲೆಯ ಜಾಗದಲ್ಲಿ ಜನ ಹೆಂಗಸಿನ ಹೆಸರನ್ನು ಬರೆದುಬಿಡುತ್ತಾರೆ.

ಆರು, ಕಾನೂನು. ಅಂದು ತಂಗಿಗೆ ಇದ್ದದ್ದು 498ಎ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಡೆತ ಮಾತ್ರ ಹಿಂಸೆಯಲ್ಲ. ಹೀಯಾಳಿಕೆ, ಅವಮಾನ, ಮಕ್ಕಳಾಗಲಿಲ್ಲ ಅಥವಾ ಗಂಡು ಮಗು ಆಗಲಿಲ್ಲ ಎಂಬ ಚುಚ್ಚುಮಾತು, ಮನೆಖರ್ಚಿಗೆ ಕೊಡದಿರುವುದು ಎಲ್ಲವೂ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಕೊಡುತ್ತದೆ. ಮಹಿಳಾ ಸಹಾಯವಾಣಿ 181.

ಕೊನೆಯದಾಗಿ ಒಂದು ಎಚ್ಚರಿಕೆ. ಈ ಕಥೆ ಕೇಳಿ ನೀವು ಮನೆಗೆ ಹೋಗಿ, "ನೋಡಿ, ಎಲ್ಲ ಗಂಡಸಿನಿಂದಲೇ ಬರುವುದು" ಎಂದು ಹೇಳಬೇಡಿ. ಈ ಒಂದು ಕಾಯಿಲೆಯಲ್ಲಿ ಬದಲಾವಣೆ ತಂದೆಯ ಕಡೆ ಹುಟ್ಟುತ್ತದೆ. ಬೇರೆ ಕಾಯಿಲೆಗಳಲ್ಲಿ ತಾಯಿಯಿಂದ ಬರಬಹುದು, ಇಬ್ಬರಿಂದಲೂ ಬರಬಹುದು. ಸೋದರಮಾವ, ಅತ್ತೆಮಗ ಎಂದು ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಿಂದಲೂ ಬರುವ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚು. ತಾಯಿಯಿಂದ ಬಂದರೂ ಅದು ತಾಯಿಯ ತಪ್ಪಲ್ಲ, ತಂದೆಯಿಂದ ಬಂದರೂ ತಂದೆಯ ತಪ್ಪಲ್ಲ. ಆರೋಪದ ಕೋಲನ್ನು ಈ ಕೈಯಿಂದ ಆ ಕೈಗೆ ಕೊಡುವುದಕ್ಕೆ ನಾವು ಸಂಘ ಕಟ್ಟಿಕೊಂಡಿಲ್ಲ. ಕೋಲನ್ನೇ ಕೆಳಗಿಡಿಸಬೇಕು. ತಪ್ಪು ಇರುವುದು ಬಾಣಂತಿಗೆ ಊಟ ಕೊಡದ ಕೈಯಲ್ಲಿ, ಮಗುವಿನ ಹೆಸರಿನಲ್ಲಿ ಚಿನ್ನ ಕೇಳುವ ಬಾಯಲ್ಲಿ, ಅದನ್ನು ನೋಡಿಯೂ ಸುಮ್ಮನಿರುವ ನಮ್ಮಲ್ಲಿ.

ಇವತ್ತಿಗೂ ನಿಮ್ಮ ತಾಲ್ಲೂಕಿನ ಯಾವುದೋ ವಾರ್ಡಿನಲ್ಲಿ ಒಬ್ಬ ತಂಗಿ ಮಗುವಿನ ಮುಖ ನೋಡಲು ಕಾಯುತ್ತಿರಬಹುದು. ಪರದೆಯ ಈಚೆ ನಾವು ಏನು ಮಾತಾಡುತ್ತೇವೆ ಎಂಬುದು ಅವಳಿಗೆ ಕೇಳಿಸುತ್ತದೆ. ಅಷ್ಟನ್ನು ನೆನಪಿಟ್ಟುಕೊಳ್ಳಿ.